ಫಾರ್ಮ್ಯಾಟ್ ಹೊಡೆಸುವ ಮುಂಚೆ: ಬೆಟಗೇರಿಯ ಡಿಟಿಪಿ ಅಂಗಡಿಯ ಹಳೇ ಕಂಪ್ಯೂಟರ್

ಪ್ರಶ್ನೆ: ಸರ್, ನಮಸ್ಕಾರ್ರೀ. ಗದಗ-ಬೆಟಗೇರಿ ಒಳಗ ನಂದೊಂದು ಸಣ್ಣ ಡಿಟಿಪಿ ಸೆಂಟರ್ ಐತ್ರಿ. ಲಗ್ನಪತ್ರಿಕಿ, ಜಾತ್ರಿ ಹ್ಯಾಂಡ್‌ಬಿಲ್, ಬಿಲ್ ಬುಕ್ ಮಾಡ್ತೀನಿ. ಕಂಪ್ಯೂಟರ್ 2014ರ ದಸರಾಕ್ಕ ಜೋಡಿಸಿ ತಂದದ್ದು. ಐ3, ನಾಲ್ಕು ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಮೊದಲ ವಿಂಡೋಸ್ 7 ಇತ್ತು, ಆಮ್ಯಾಲೆ 10 ಹಾಕ್ಸಿದ್ವಿ. ಈಗ ಮುಂಜಾನೆ ಸ್ವಿಚ್ ಹಾಕಿ, ಅಂಗಡಿ ಕಸಾ ಹೊಡದು, ದೇವ್ರಿಗೆ ಊದಿನಕಡ್ಡಿ ಹಚ್ಚಿ, ಚಾ ಕುಡದ್ರೂ ಪುಟಾ ಜೋಡಸೂ ಪೇಜ್‌ಮೇಕರ್ ತೆರದಿರಂಗಿಲ್ಲ. ಸೇವ್ ಕೊಟ್ರ ಮೌಸ್ ಅಷ್ಟ ಓಡಾಡ್ತದ, ಉಳದದ್ದೆಲ್ಲಾ ನಿಂತಬಿಡ್ತದ. ಮಧ್ಯಾಹ್ನದಾಗ ಒಮ್ಮೊಮ್ಮೆ ತಾನ ಬಂದ್ ಆಗಿ ಚಾಲೂ ಆಗ್ತದ. ತಾರೀಖು 2013ಕ್ಕ ಹೋಗಿರ್ತದ. ಹದಿನೈದು ದಿನದಿಂದ ಡಬ್ಬಿ ಒಳಗ ಟಕ್ ಟಕ್ ಅಂತ ಸಪ್ಪಳ ಬೇರೆ. ರಿಪೇರಿ ಹುಡುಗ “ವೈರಸ್ ಆಗ್ಯದ, ಫಾರ್ಮ್ಯಾಟ್ ಹೊಡದ್ರ ಹೊಸಾದರಂಗ ಆಗ್ತದ” ಅಂತಾನ. ಮಗ “ಅವ್ವಾ, ಅದನ್ನ ಒಗಿ, ಹೊಸಾದು ತಗೊ” ಅಂತಾನ. ಹೊಸಾದ್ರಾಗ ಪೇಜ್‌ಮೇಕರ್, ಕನ್ನಡಾ ಟೈಪ್ ಮಾಡೂ ನುಡಿ ನಡೀಲಿಲ್ಲಂದ್ರ ಹನ್ನೊಂದು ವರ್ಷದ ಫೈಲ್ ಗತಿ ಏನ್ರಿ? ಬಸವ ಜಯಂತಿ ಲಗ್ನದ ಆರ್ಡರ್ ಬರಾಕತ್ತಾವ. ಐದಾರು ಸಾವಿರ ಖರ್ಚು ಮಾಡಬಲ್ಲೆ. ಏನ್ ಮಾಡ್ಲಿ?

ಉತ್ತರ: ಅಕ್ಕಾವ್ರೆ, ಈ ಉತ್ತರವನ್ನು ಪೂರ್ತಿ ಓದುವ ಮೊದಲು ಒಂದು ಕೆಲಸ ಮಾಡಿ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತರಿಸಿ, ಯಾರಾದರೂ ಪರಿಚಯದವರ ಹತ್ತಿರ ಎರವಲು ಸಿಕ್ಕರೂ ಆದೀತು, ನಿಮ್ಮ ಫೈಲುಗಳನ್ನು ಇವತ್ತೇ ಅದಕ್ಕೆ ಕಾಪಿ ಮಾಡಿ. ಸ್ಲೋ ಆಗುವುದು, ಹ್ಯಾಂಗ್ ಆಗುವುದು, ತಾರೀಖು ಹಿಂದೆ ಹೋಗುವುದು ಇವಕ್ಕೆಲ್ಲ ನಾಳೆ ನಾಡಿದ್ದು ನೋಡಬಹುದು. ಟಕ್ ಟಕ್ ಸಪ್ಪಳಕ್ಕೆ ಹಾಗೆ ಕಾಯಲಾಗದು. ಅದು ಹಾರ್ಡ್ ಡಿಸ್ಕಿನ ಒಳಗಿನ ಓದುಮುಳ್ಳು ತನ್ನ ಜಾಗ ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಹುಡುಕುವ ಸದ್ದು ಆಗಿರಬಹುದು. ಅಂಥ ಡಿಸ್ಕು ಆರು ತಿಂಗಳು ನಡೆದದ್ದನ್ನೂ ಕಂಡಿದ್ದೇನೆ, ಅದೇ ಸಂಜೆಗೆ ಸತ್ತದ್ದನ್ನೂ ಕಂಡಿದ್ದೇನೆ.

ಕಾಪಿ ಮಾಡುವಾಗ ಯಾವುದು ಮೊದಲು ಎಂಬುದು ಬಹಳ ಮುಖ್ಯ. ಈಗ ಕೈಯಲ್ಲಿರುವ ಆರ್ಡರುಗಳ ಫೈಲು ಮೊದಲು. ಅದಾದ ಮೇಲೆ, ಬಹಳ ಮಂದಿ ಮರೆಯುವುದು, ಫಾಂಟುಗಳು. ಸಿ ಡ್ರೈವ್‌ನಲ್ಲಿ ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಎಂಬ ಫೋಲ್ಡರ್ ಇದೆ, ಅದನ್ನು ಇಡಿಯಾಗಿ ತೆಗೆದುಕೊಳ್ಳಿ. ನೀವು ಪೇಜ್‌ಮೇಕರಿನಲ್ಲಿ ಬಳಸುವ ಹಳೆಯ ನುಡಿ ಫಾಂಟುಗಳು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ. ಅವು ಇಂಗ್ಲಿಷ್ ಅಕ್ಷರಗಳಿಗೆ, ಚಿಹ್ನೆಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ 2016ರ ನಿಮ್ಮ ಲಗ್ನಪತ್ರಿಕೆ ತೆರೆದರೆ ವಧು-ವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಉಳಿದಿರುತ್ತದೆ, ಆದರೆ ಓದಲು ಬರುವುದಿಲ್ಲ.

ಮೂರನೆಯದು ಚಿತ್ರಗಳು. ಗಣಪತಿ, ಬಸವಣ್ಣ, ಕಳಸ, ಬಾರ್ಡರು, ವರ್ಷಾನುಗಟ್ಟಲೆ ಕೂಡಿಸಿದ ಕ್ಲಿಪ್‌ಆರ್ಟು. ಪೇಜ್‌ಮೇಕರ್ ಎಷ್ಟೋ ಚಿತ್ರಗಳನ್ನು ಫೈಲಿನೊಳಗೆ ಇಟ್ಟುಕೊಳ್ಳದೆ, “ಡಿ ಡ್ರೈವ್‌ನಲ್ಲಿ ಇಂಥ ಫೋಲ್ಡರಿನಲ್ಲಿದೆ” ಎಂದು ವಿಳಾಸ ಮಾತ್ರ ಬರೆದುಕೊಂಡಿರುತ್ತದೆ. ಆದ್ದರಿಂದ ಫೋಲ್ಡರುಗಳ ಹೆಸರನ್ನೂ ಜೋಡಣೆಯನ್ನೂ ಇದ್ದಂತೆಯೇ ಇಡಿ, ಈ ಅವಸರದಲ್ಲಿ ಒಪ್ಪ ಮಾಡಲು ಹೋಗಬೇಡಿ. ಹಳೆಯ ವರ್ಷಗಳ ಕೆಲಸ ಕೊನೆಗೆ. ಯಾವುದೋ ಒಂದು ಫೋಲ್ಡರಿನ ಹತ್ತಿರ ಕಾಪಿ ನಿಂತುಬಿಟ್ಟರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಸಾಯುತ್ತಿರುವ ಡಿಸ್ಕಿಗೆ ಅದೇ ಜಾಗವನ್ನು ಹತ್ತು ಸಲ ಓದಿಸಿದರೆ, ಚೆನ್ನಾಗಿ ಬರಬಹುದಾಗಿದ್ದ ಉಳಿದ ಫೈಲುಗಳೂ ಕೈಬಿಡುತ್ತವೆ.

“ಡಿ ಡ್ರೈವ್‌ನಾಗ ಒಂದು ಕಾಪಿ ಇಟ್ಟೇನಿ” ಎಂದು ನಿಮ್ಮಂತೆ ಅಂಗಡಿ ನಡೆಸುವ ಅನೇಕರು ನಿಶ್ಚಿಂತೆಯಿಂದ ಇರುತ್ತಾರೆ. ಸಿ, ಡಿ, ಇ ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲಿ ಒಂದೇ ಡಿಸ್ಕಿನ ಮೂರು ಪಾಲುಗಳು. ಒಂದೇ ಹೊಲಕ್ಕೆ ಬದು ಹಾಕಿ ಮೂರು ಮಾಡಿದಂತೆ. ಕೆರೆ ಒಡೆದರೆ ಮೂರಕ್ಕೂ ನೀರು ನುಗ್ಗುತ್ತದೆ. ಹಾವೇರಿಯ ಒಬ್ಬ ಫೋಟೊಗ್ರಾಫರು ಇದೇ ನಂಬಿಕೆಯಲ್ಲಿ ಇಡೀ ಒಂದು ಸೀಸನ್ನಿನ ಮದುವೆ ಫೋಟೊಗಳನ್ನು ಡಿ ಡ್ರೈವ್‌ನಲ್ಲಿಟ್ಟು, ಸಿ ಡ್ರೈವ್ ಒಂದನ್ನೇ ಫಾರ್ಮ್ಯಾಟ್ ಮಾಡಿಸಿದರು. ವಿಂಡೋಸ್ ಅರ್ಧ ಇನ್‌ಸ್ಟಾಲ್ ಆಗುವಷ್ಟರಲ್ಲಿ ಡಿಸ್ಕು ನಿಂತಿತು. ಆ ಡಿಸ್ಕು ಆಮೇಲೆ ಹುಬ್ಬಳ್ಳಿಗೆ ನನ್ನ ಟೇಬಲ್ಲಿಗೆ ಬಂತು. ನನ್ನಿಂದ ಅರ್ಧದಷ್ಟನ್ನೂ ತೆಗೆದುಕೊಡಲು ಆಗಲಿಲ್ಲ. ಯಾರದೋ ಮನೆಯ ಅಕ್ಕಿಕಾಳಿನ ಫೋಟೊ ಹೋಯಿತು, ಅದನ್ನು ಮತ್ತೆ ತೆಗೆಯಲು ಬರುವುದಿಲ್ಲ. ಅಂದಿನಿಂದ ನಾನು ಯಾವ ಕಂಪ್ಯೂಟರಿಗೂ ಕಾಪಿ ಆಗಿದೆಯಾ ಎಂದು ಕೇಳದೆ ಕೈ ಹಚ್ಚುವುದಿಲ್ಲ.

ಇನ್ನು ವೈರಸ್ಸಿನ ಮಾತು. ನಿಮ್ಮ ಕೆಲಸದಲ್ಲಿ ದಿನಕ್ಕೆ ಹತ್ತು ಜನ ಪೆನ್ ಡ್ರೈವ್ ತರುತ್ತಾರೆ, ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಡುವ ಕೀಟಲೆ ವೈರಸ್ ಬಂದಿರಲೂಬಹುದು. ಆದರೆ ವೈರಸ್ಸಿಗೆ ಟಕ್ ಟಕ್ ಸದ್ದು ಬರುವುದಿಲ್ಲ, ತಾರೀಖು 2013ಕ್ಕೆ ಹೋಗುವುದೂ ಅದರ ಲಕ್ಷಣವಲ್ಲ. ಹಾಗಾದರೆ ಫಾರ್ಮ್ಯಾಟ್ ಹೊಡೆದಾಗ ನಿಜವಾಗಿಯೂ ವೇಗ ಬರುತ್ತದಲ್ಲ, ಅದು ಸುಳ್ಳೇ? ಸುಳ್ಳಲ್ಲ. ವರ್ಷಗಳಿಂದ ಸೇರಿಕೊಂಡ ಪ್ರೋಗ್ರಾಮುಗಳು, ಸ್ವಿಚ್ ಹಾಕುತ್ತಿದ್ದಂತೆ ತಾವಾಗಿ ಎದ್ದು ಕೂರುವ ಹತ್ತಾರು ಸಣ್ಣ ಸಾಫ್ಟ್‌ವೇರುಗಳು, ಒಂದರ ಮೇಲೊಂದು ಹಾಕಿದ ಎರಡು ಆಂಟಿವೈರಸ್ಸುಗಳು, ಇವೆಲ್ಲ ಒಮ್ಮೆಗೆ ಹೋಗುವುದರಿಂದ ಹಗುರಾಗುತ್ತದೆ. ಆದರೆ ಅವನ್ನು ಫಾರ್ಮ್ಯಾಟ್ ಇಲ್ಲದೆಯೂ ತೆಗೆಯಬಹುದು. ಡಿಸ್ಕೇ ಸೋತಿದ್ದರೆ ಫಾರ್ಮ್ಯಾಟು ಅದರ ಮೇಲೆ ಗಂಟೆಗಟ್ಟಲೆ ಬರೆಸಿ ಇನ್ನಷ್ಟು ಸೋಲಿಸುತ್ತದೆ. ನಿಮ್ಮಲ್ಲಿ ಪೇಜ್‌ಮೇಕರಿನ ಸಿಡಿ, ಸೀರಿಯಲ್ ನಂಬರು, ಹಳೆಯ ನುಡಿಯ ಇನ್‌ಸ್ಟಾಲ್ ಫೈಲು, ಪ್ರಿಂಟರಿನ ಡ್ರೈವರು ಇವೆಯೋ ಇಲ್ಲವೋ ನೋಡಿಕೊಳ್ಳದೆ ಫಾರ್ಮ್ಯಾಟಿಗೆ ಒಪ್ಪಿದರೆ ಲಗ್ನದ ಸೀಸನ್ನಿನಲ್ಲಿ ಅಂಗಡಿ ಬಾಗಿಲು ಹಾಕಬೇಕಾದೀತು. ಟೆಂಪ್ ಫೈಲು ಅಳಿಸುವುದು, ಡೆಸ್ಕ್‌ಟಾಪಿನ ಮೇಲೆ ರಿಫ್ರೆಶ್ ಒತ್ತುತ್ತಲೇ ಇರುವುದು, “ಕ್ಲೀನರ್” ಎಂಬ ಉಚಿತ ಸಾಫ್ಟ್‌ವೇರ್ ಹಾಕುವುದು ಇವುಗಳಿಂದ ಸಿಗುವ ಲಾಭ ಬಹಳ ಸಣ್ಣದು.

ಕಾಪಿ ಮುಗಿದ ಮೇಲೆ ಕಾಯಿಲೆ ಹುಡುಕೋಣ. ಕಂಪ್ಯೂಟರ್ ನಿಧಾನ ಎಂದರೆ ಒಳಗೆ ಯಾವುದೋ ಒಂದು ಭಾಗ ಇನ್ನೊಂದಕ್ಕಾಗಿ ಕಾಯುತ್ತಿದೆ ಎಂದರ್ಥ. ಯಾರು ಯಾರಿಗೆ ಕಾಯುತ್ತಿದ್ದಾರೆ ಎಂದು ತಿಳಿದರೆ ರಿಪೇರಿ ಅರ್ಧ ಆದಂತೆ. ಅದಕ್ಕೆ ಯಾರನ್ನೂ ಕರೆಯಬೇಕಿಲ್ಲ. ಮುಂಜಾನೆ ಹ್ಯಾಂಗ್ ಆಗಿ ನಿಂತಿರುವಾಗ ಕೀಬೋರ್ಡಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಕೂಡಿಸಿ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮನ್ಸ್ ಎಂಬಲ್ಲಿ ಒತ್ತಿದರೆ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಬೇರೆ ಬೇರೆ ಕಾಣುತ್ತವೆ.

ನಿಮ್ಮದರಲ್ಲಿ ಏನು ಕಾಣಬಹುದು ಎಂದು ನಾನು ಊಹಿಸಬಲ್ಲೆ. ಸಿಪಿಯು ಶೇಕಡಾ 15ರ ಆಸುಪಾಸು, ಡಿಸ್ಕು ಮಾತ್ರ ಶೇಕಡಾ 100. ಡಿಸ್ಕಿನ ಮೇಲೆ ಒತ್ತಿ ಕೆಳಗೆ ನೋಡಿ: ಓದುವ ವೇಗ ಸೆಕೆಂಡಿಗೆ ಒಂದೋ ಎರಡೋ ಎಂಬಿ ಇರುತ್ತದೆ. ಪೂರ್ತಿ ದುಡಿಯುತ್ತಿದೆ, ಆದರೆ ಏನೂ ಹೊರಬರುತ್ತಿಲ್ಲ. ಅಲ್ಲೇ ರೆಸ್ಪಾನ್ಸ್ ಟೈಮ್ ಎಂದು ಮಿಲಿಸೆಕೆಂಡಿನಲ್ಲಿ ಒಂದು ಅಂಕಿ ಇದೆ. ಗಟ್ಟಿಮುಟ್ಟಾದ ಹಾರ್ಡ್ ಡಿಸ್ಕಿನಲ್ಲಿ ಅದು ಹತ್ತಿಪ್ಪತ್ತರ ಸುತ್ತ ಆಡುತ್ತದೆ. ನಿಮ್ಮದು ಮತ್ತೆ ಮತ್ತೆ ನೂರು, ಐನೂರು, ಸಾವಿರ ದಾಟುತ್ತಿದ್ದರೆ ಡಿಸ್ಕಿನ ಮೇಲಿನ ಅನುಮಾನ ಗಟ್ಟಿಯಾಯಿತು.

ಯಾಕೆ ಹೀಗೆ? ಗದಗಿನವರಿಗೆ ಇದನ್ನು ಹೇಳುವುದು ಸುಲಭ, ಪ್ರೆಸ್ಸುಗಳ ಊರು. ಆಫ್‌ಸೆಟ್ ಬರುವ ಮೊದಲು ಅಚ್ಚಿನ ಮೊಳೆ ಜೋಡಿಸುವವರು ಕೇಸಿನ ಮುಂದೆ ನಿಂತು ಒಂದೊಂದೇ ಅಕ್ಷರ ಹೆಕ್ಕುತ್ತಿದ್ದರಲ್ಲ, ಹಾರ್ಡ್ ಡಿಸ್ಕು ಮಾಡುವುದು ಹೆಚ್ಚುಕಡಿಮೆ ಅದೇ. ತಿರುಗುವ ತಟ್ಟೆ, ಅದರ ಮೇಲೆ ಹಿಂದೆ ಮುಂದೆ ಸರಿಯುವ ಓದುಮುಳ್ಳು. ನಿಮ್ಮ ಡಿಸ್ಕು ಬಹುಶಃ ನಿಮಿಷಕ್ಕೆ 7200 ಸುತ್ತಿನದು, ಅಂದರೆ ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಮುಳ್ಳು ಸರಿಯುವ ಹೊತ್ತು ಸೇರಿಸಿದರೆ ಬೇರೆ ಬೇರೆ ಜಾಗದಿಂದ ಸೆಕೆಂಡಿಗೆ ಎಂಬತ್ತು, ನೂರು ತುಣುಕು ಹೆಕ್ಕಿ ತರಬಲ್ಲದು, ಅಷ್ಟೇ. ವಿಂಡೋಸ್ 10 ಏಳುವಾಗ, ಪೇಜ್‌ಮೇಕರ್ ತೆರೆಯುವಾಗ ಬೇಕಾಗುವುದು ಇಂಥ ಸಾವಿರಾರು ಸಣ್ಣ ತುಣುಕುಗಳು. ಅದರ ಮೇಲೆ ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಗಟ್ಟಲೆ ಫಾಂಟು ಇರಬೇಕು, ಡಿಟಿಪಿಯವರ ಹತ್ತಿರ ಇದ್ದೇ ಇರುತ್ತವೆ. ಪ್ರತಿ ಪ್ರೋಗ್ರಾಮೂ ಆ ಪಟ್ಟಿಯನ್ನು ಕಟ್ಟಿಕೊಳ್ಳಬೇಕು. ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಲ್ಲೇ ಫೈಲು ಇಡುವ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಸೆಕೆಂಡಿಗೆ ಸಾವಿರಾರು ತುಣುಕು ತರುತ್ತದೆ. ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿದ ದಿನ ಗಿರಾಕಿಗಳ ಮುಖ ನೋಡುವುದೇ ನನಗೆ ಈ ಕೆಲಸದಲ್ಲಿ ಅತಿ ಇಷ್ಟದ ಗಳಿಗೆ.

ರ‍್ಯಾಮ್ (ನಡೆಯುತ್ತಿರುವ ಕೆಲಸವನ್ನು ಇಟ್ಟುಕೊಳ್ಳುವ ಮೆಮೊರಿ) ಕಡಿಮೆ ಬಿದ್ದಾಗಲೂ ಕಾಣುವುದು ಡಿಸ್ಕಿನ ತೊಂದರೆಯಾಗಿಯೇ. ನಾಲ್ಕು ಜಿಬಿಯಲ್ಲಿ ಸುಮಾರು ಅರ್ಧವನ್ನು ವಿಂಡೋಸ್ 10 ತನಗೇ ಇಟ್ಟುಕೊಳ್ಳುತ್ತದೆ. ಗಿರಾಕಿಗಳು ಫೋಟೊ, ಮ್ಯಾಟರ್ ಕಳಿಸುತ್ತಾರೆಂದು ಬ್ರೌಸರಿನಲ್ಲಿ ವಾಟ್ಸಾಪ್ ಇಡೀ ದಿನ ತೆರೆದಿರುತ್ತೀರಿ, ಉಳಿದದ್ದನ್ನು ಅದು ತಿನ್ನುತ್ತದೆ. ಜಾಗ ಸಾಲದಾದಾಗ ವಿಂಡೋಸು ರ‍್ಯಾಮಿನಲ್ಲಿದ್ದದ್ದನ್ನು ಡಿಸ್ಕಿಗೆ ಇಳಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಆ ಎತ್ತಿ ಇಳಿಸುವ ಕೆಲಸ ನಡೆಯುವಾಗಲೇ ನಿಮ್ಮ ಮೌಸು ಮಾತ್ರ ಓಡಾಡಿ ಮಿಕ್ಕದ್ದು ನಿಲ್ಲುವುದು.

ಆದರೆ ರ‍್ಯಾಮ್ ಕೊಳ್ಳಲು ಓಡುವ ಮುಂಚೆ ಒಂದು ನೋಡಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿ ಸಿಸ್ಟಮ್ ಟೈಪ್ ಎಂದು ಇರುತ್ತದೆ. ಅಲ್ಲಿ 32 ಬಿಟ್ ಎಂದಿದ್ದರೆ, ಹಳೆಯ ಪ್ರೋಗ್ರಾಮುಗಳು ಸಲೀಸಾಗಿ ನಡೆಯಲೆಂದು ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಅದನ್ನೇ ಹಾಕಿರುತ್ತಾರೆ, ಆ ವಿಂಡೋಸು ನಾಲ್ಕು ಜಿಬಿಗಿಂತ ಹೆಚ್ಚಿನ ರ‍್ಯಾಮನ್ನು ಬಳಸುವುದೇ ಇಲ್ಲ. ಇದ್ದ ನಾಲ್ಕರಲ್ಲೂ ಮೂರೂಕಾಲು, ಮೂರೂವರೆ ಸಿಕ್ಕರೆ ಹೆಚ್ಚು. ನೀವು ಎಂಟು ಹಾಕಿಸಿದರೂ ದುಡ್ಡು ನೀರಿಗೆ. 64 ಬಿಟ್ ಇದ್ದರೆ ಇನ್ನೊಂದು ನಾಲ್ಕು ಜಿಬಿ ಕಡ್ಡಿ ಒಳ್ಳೆಯ ಖರ್ಚು. ನಿಮ್ಮ ಕಾಲದ ಮದರ್‌ಬೋರ್ಡುಗಳಿಗೆ ಬೇಕಾಗುವುದು ಡಿಡಿಆರ್3 ಬಗೆಯದು, ಅದೂ ಡೆಸ್ಕ್‌ಟಾಪಿನ ಉದ್ದ ಕಡ್ಡಿ. ಡಿಡಿಆರ್4 ಕೂರುವುದಿಲ್ಲ, ಲ್ಯಾಪ್‌ಟಾಪಿನದು ಗಿಡ್ಡ. ಹಳೆಯ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ಪ್ರೋಗ್ರಾಮ್ ಇದೆ. ಹಾರ್ಡ್ ಡಿಸ್ಕು ತನ್ನ ನೋವನ್ನು ತಾನೇ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ, ಇದು ಅದನ್ನು ಓದಿ ತೋರಿಸುತ್ತದೆ. ಸಾಲುಗಳು ಬಹಳ ಇವೆ, ನೀವು ನೋಡಬೇಕಾದದ್ದು ಮೂರು: 05, ಸಿ5, ಸಿ6. ಮೊದಲನೆಯದು ಕೆಟ್ಟ ಜಾಗ ಬಿಟ್ಟು ಬೇರೆ ಜಾಗಕ್ಕೆ ಸರಿಸಿದ ಲೆಕ್ಕ, ಎರಡನೆಯದು ಓದಲು ಬಾರದೆ ಅನುಮಾನದಲ್ಲಿ ಇಟ್ಟ ಜಾಗಗಳು, ಮೂರನೆಯದು ಕೈಬಿಟ್ಟದ್ದು. ಮೂರರ ಕೊನೆಯ ಅಂಕಣದಲ್ಲೂ ಸೊನ್ನೆ ಇದ್ದರೆ ಒಂದಿಷ್ಟು ಧೈರ್ಯ ತಂದುಕೊಳ್ಳಿ, ಆದರೂ ಟಕ್ ಟಕ್ ಸದ್ದನ್ನು ಮರೆಯಬೇಡಿ. ಸಿ5ರಲ್ಲಿ ಅಂಕಿ ಇದ್ದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಮೇಲೆ ಇನ್ನು ಒಂದು ಪತ್ರಿಕೆಯನ್ನೂ ನಂಬಿ ಇಡಬೇಡಿ. ಬದಲಿಗೆ ಸಿ7 ಸಾಲಿನ ಅಂಕಿ ಮಾತ್ರ ಏರುತ್ತಿದ್ದರೆ ತಪ್ಪು ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನದಿರಬಹುದು, ಕೇಬಲ್ ಬದಲಿಸಿ ನೋಡಿದರಾಯಿತು. ಇದೆಲ್ಲ ನೋಡದೆ ಡಿಸ್ಕಿಗೆ ಡಿಫ್ರಾಗ್ ಹಾಕುವುದು, ಚೆಕ್ ಡಿಸ್ಕ್ ರಾತ್ರಿಯಿಡೀ ಓಡಿಸುವುದು ಬೇಡ.

ಇನ್ನು ಮಧ್ಯಾಹ್ನ ತಾನೇ ಬಂದ್ ಆಗಿ ಚಾಲೂ ಆಗುವುದು. ಇದು ಬಹುಶಃ ಡಿಸ್ಕಿನದಲ್ಲ, ಶಾಖದ್ದು ಅಥವಾ ಕರೆಂಟಿನದು. ನಿಮ್ಮ ಅಂಗಡಿ ನಾನು ನೋಡಿಲ್ಲ, ಆದರೆ ಬೆಟಗೇರಿಯ ಅಂಗಡಿಗಳನ್ನು ಬಲ್ಲೆ. ಸಿಪಿಯು ಡಬ್ಬಿ ಟೇಬಲ್ಲಿನ ಕೆಳಗೆ ನೆಲದ ಮೇಲೆ, ಪಕ್ಕದಲ್ಲಿ ಕಾಗದ ಕತ್ತರಿಸುವ ಮಶಿನ್ನು, ಬಾಗಿಲು ತೆರೆದರೆ ರಸ್ತೆಯ ಧೂಳು, ಆಷಾಢದಲ್ಲಿ ಗಾಳಿ ಬೀಸಿದರಂತೂ ಕೇಳುವುದೇ ಬೇಡ. ಒಮ್ಮೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಕಂಪ್ಯೂಟರ್ ಬಿಚ್ಚಿದೆ. ಪ್ರೊಸೆಸರಿನ ಮೇಲಿನ ಫ್ಯಾನ್ ತೆಗೆದಾಗ ಅದರ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಕೆಂಪು ಕಂಬಳಿಯಂತೆ ಒಂದು ಪದರ ಕೂತಿತ್ತು. ಬೆರಳಿನಿಂದ ಎತ್ತಿದರೆ ತುಂಡಾಗದೆ ಇಡಿಯಾಗಿ ಎದ್ದು ಬಂತು. ಫ್ಯಾನ್ ತಿರುಗುತ್ತಿತ್ತು, ಸದ್ದೂ ಬರುತ್ತಿತ್ತು, ಗಾಳಿ ಮಾತ್ರ ಒಂದು ಎಳೆಯೂ ಒಳಗೆ ಹೋಗುತ್ತಿರಲಿಲ್ಲ. ನಿಮ್ಮದರಲ್ಲಿ ಅದು ಬಿಳಿಯ ಕಾಗದದ ಧೂಳಾಗಿರುತ್ತದೆ.

ಪ್ರೊಸೆಸರು ಸುಮಾರು ನೂರು ಡಿಗ್ರಿಯ ಹತ್ತಿರಕ್ಕೆ ಕಾದಾಗ ತನ್ನನ್ನು ಉಳಿಸಿಕೊಳ್ಳಲು ವೇಗ ತಾನೇ ಇಳಿಸಿಕೊಳ್ಳುತ್ತದೆ, ಅಷ್ಟಕ್ಕೂ ತಣಿಯದಿದ್ದರೆ ಬಂದ್ ಆಗುತ್ತದೆ. ಹೊರಗೆ ಗದಗಿನ ಏಪ್ರಿಲ್ ಬಿಸಿಲು, ಒಳಗೆ ಗಾಳಿಯಿಲ್ಲದ ಡಬ್ಬಿ. ಪ್ರೊಸೆಸರಿಗೂ ಅಲ್ಯೂಮಿನಿಯಂ ಗಟ್ಟಿಗೂ ನಡುವೆ ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟು ಹನ್ನೊಂದು ವರ್ಷದಲ್ಲಿ ಒಣಗಿ ಸುಣ್ಣದ ಹಾಗಾಗಿರುತ್ತದೆ. ಧೂಳು ತೆಗೆಯುವುದನ್ನು ನೀವೇ ಮಾಡಬಹುದು. ವಯರೆಲ್ಲ ಬಿಚ್ಚಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟು ಇಳಿಸಿ, ಡಬ್ಬಿಯನ್ನು ಹೊರಗೆ ಒಯ್ದು ಬ್ಲೋವರ್ ಹಿಡಿಯಿರಿ. ಬ್ಲೋವರ್ ಇಲ್ಲದಿದ್ದರೆ ಒಣಗಿದ ಪೇಂಟಿಂಗ್ ಬ್ರಶ್ ಸಾಕು. ಗಾಳಿ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಬೆರಳು ಇಟ್ಟುಕೊಳ್ಳಿ, ಜೋರಾಗಿ ತಿರುಗಿದರೆ ಬೇರಿಂಗು ಹೋಗುತ್ತದೆ. ಒದ್ದೆ ಬಟ್ಟೆ ಬೇಡ. ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಹೊಡೆಯುವಷ್ಟು ಕರೆಂಟು ಉಳಿದಿರಬಹುದು. ಪೇಸ್ಟ್ ಬದಲಿಸುವುದನ್ನು ಅಂಗಡಿಯವರಿಗೆ ಬಿಡಿ. ಇಂಟೆಲ್ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳು ಇಷ್ಟು ವರ್ಷಕ್ಕೆ ಪೆಡಸಾಗಿ, ಗೊತ್ತಿಲ್ಲದ ಕೈಗೆ ಸಿಕ್ಕರೆ ಮುರಿಯುತ್ತವೆ. ಡಬ್ಬಿ ತೆರೆದಾಗ ಬೋರ್ಡಿನ ಮೇಲಿನ ಸಣ್ಣ ಡಬ್ಬಿಯಾಕಾರದ ಕೆಪಾಸಿಟರುಗಳ ತಲೆ ನೋಡಲು ಹೇಳಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಸೋರಿದ್ದರೆ ಈ ಕಂಪ್ಯೂಟರಿಗೆ ಹಣ ಹಾಕುವ ಮಾತನ್ನು ಅಲ್ಲಿಗೇ ನಿಲ್ಲಿಸೋಣ.

ಕರೆಂಟಿನ ಕಡೆ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಲೇಸರ್ ಪ್ರಿಂಟರಿನ ಪ್ಲಗ್ಗು ಎಲ್ಲಿದೆ? ಯುಪಿಎಸ್ಸಿನ ಹಿಂದೆ ಇದ್ದರೆ ಈಗಲೇ ಕಿತ್ತು ಗೋಡೆಯ ಬೋರ್ಡಿಗೆ ಹಾಕಿ. ಲೇಸರ್ ಪ್ರಿಂಟರು ಹಾಳೆಗೆ ಪುಡಿ ಕರಗಿಸಿ ಅಂಟಿಸಲು ಒಳಗಿನ ರೋಲರ್ ಕಾಯಿಸುತ್ತದೆ, ಆ ಗಳಿಗೆ ನೂರಾರು ವಾಟ್ ಎಳೆಯುತ್ತದೆ. ಸಣ್ಣ ಅಂಗಡಿಗಳಲ್ಲಿರುವ 600 ವಿಎ ಯುಪಿಎಸ್ಸಿಗೆ ಅದು ತಾಳಿಕೆಯಾಗುವುದಿಲ್ಲ. ಲ್ಯಾಮಿನೇಶನ್ ಮಶಿನ್ನಿಗೂ ಇದೇ ಮಾತು. ಕಂಪ್ಯೂಟರು ಬಂದ್ ಆದ ಹೊತ್ತನ್ನು ನಾಲ್ಕು ದಿನ ಒಂದು ಚೀಟಿಯಲ್ಲಿ ಬರೆದಿಡಿ, ಆಗ ಪ್ರಿಂಟ್ ಕೊಟ್ಟಿದ್ದಿರೋ, ಲ್ಯಾಮಿನೇಶನ್ ನಡೆದಿತ್ತೋ ಎಂದು ಕೂಡ. ನನ್ನ ಮೀಟರಿಗಿಂತ ಅಂಥ ಚೀಟಿಗಳು ಎಷ್ಟೋ ಸಲ ಹೆಚ್ಚು ಹೇಳಿವೆ. ಯುಪಿಎಸ್ ಬ್ಯಾಟರಿಗೆ ಮೂರು ವರ್ಷ ದಾಟಿದ್ದರೆ ಅದನ್ನೂ ಅನುಮಾನಿಸಿ.

ತಾರೀಖು ಹಿಂದೆ ಹೋಗುವುದಕ್ಕೆ ಬೋರ್ಡಿನ ಮೇಲಿನ ರೂಪಾಯಿ ನಾಣ್ಯದಂಥ ಬ್ಯಾಟರಿ ಮುಗಿದದ್ದೇ ಕಾರಣ. ಸಿಆರ್2032 ಎಂದು ಕೇಳಿ, ಗಡಿಯಾರ ಅಂಗಡಿಯಲ್ಲೂ ಸಿಗುತ್ತದೆ. ಅದರಿಂದ ಕಂಪ್ಯೂಟರ್ ಸ್ಲೋ ಆಗುವುದಿಲ್ಲ, ಆದರೆ ತಾರೀಖು ತಪ್ಪಿದ್ದರೆ ಬ್ರೌಸರು ವೆಬ್‌ಸೈಟುಗಳನ್ನು ನಂಬುವುದಿಲ್ಲ, ವಾಟ್ಸಾಪೂ ತೆರೆಯದಿರಬಹುದು. ಬದಲಿಸುವ ಮುಂಚೆ ಬಯೋಸಿನ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗು) ಪರದೆಯಲ್ಲಿ ಸಾಟಾ ಮೋಡ್ ಏನಿದೆ ಎಂದು ಮೊಬೈಲಿನಲ್ಲಿ ಫೋಟೊ ಹಿಡಿದಿಡಿ. ಬ್ಯಾಟರಿ ತೆಗೆದಾಗ ಅದು ಬದಲಾದರೆ ವಿಂಡೋಸು ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಅದನ್ನೇ ನೋಡಿ ಹೆದರಿ ಫಾರ್ಮ್ಯಾಟ್ ಮಾಡಿಸಿಕೊಂಡವರಿದ್ದಾರೆ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಧೂಳು ತೆಗೆಸಿ, ಬ್ಯಾಟರಿ ಹಾಕಿಸಿ, ಇದೇ ಡಿಸ್ಕಿನಲ್ಲಿ ಸೀಸನ್ ಕಳೆಯುವುದು ಒಂದು. ಖರ್ಚು ಅತಿ ಕಡಿಮೆ, ಆದರೆ ಟಕ್ ಟಕ್ ಎನ್ನುವ ಡಿಸ್ಕಿನ ಮೇಲೆ ಲಗ್ನದ ಆರ್ಡರು ಹಿಡಿಯಲು ನಾನು ಹೇಳಲಾರೆ.

ಎಸ್‌ಎಸ್‌ಡಿ ತಂದು ಇರುವ ಡಿಸ್ಕನ್ನು ಹಾಗೇ ಅದಕ್ಕೆ ಕ್ಲೋನ್ ಮಾಡಿಸುವುದು ಎರಡನೆಯದು. ನಿಮ್ಮ ಸ್ಥಿತಿಗೆ ನನ್ನ ಒಲವು ಇದರ ಕಡೆಗೇ. ಕ್ಲೋನ್ ಎಂದರೆ ವಿಂಡೋಸು, ಪೇಜ್‌ಮೇಕರು, ನುಡಿ, ಫಾಂಟು, ಪ್ರಿಂಟರಿನ ಸೆಟ್ಟಿಂಗು ಎಲ್ಲವೂ ಇದ್ದ ಹಾಗೇ ಹೊಸ ಡಿಸ್ಕಿಗೆ ಬರುತ್ತವೆ, ಡಿ ಡ್ರೈವ್ ಡಿ ಆಗಿಯೇ ಉಳಿಯುತ್ತದೆ, ಚಿತ್ರಗಳ ವಿಳಾಸ ತಪ್ಪುವುದಿಲ್ಲ. ಮರುದಿನ ಮುಂಜಾನೆ ನೀವು ಕೆಲಸಕ್ಕೆ ಕೂರಬಹುದು. ತೊಂದರೆ ಎಲ್ಲಿ ಬರಬಹುದು ಎಂದರೆ, ಸಿ5ರಲ್ಲಿ ಅಂಕಿ ಇದ್ದರೆ ಸಾಮಾನ್ಯ ಕ್ಲೋನ್ ಸಾಫ್ಟ್‌ವೇರು ನಡುವೆ ನಿಲ್ಲುತ್ತದೆ. ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಿ, ಆಮೇಲೆ ಹಿಂದಿರುಗಿ ಪ್ರಯತ್ನಿಸುವ ಡಿಡಿರೆಸ್ಕ್ಯೂ ಎಂಬುದು ಲಿನಕ್ಸಿನಲ್ಲಿದೆ, ಅದು ಗೊತ್ತಿದ್ದವರ ಕೈಗೇ ಕೊಡಿ. ಹಳೆಯದರಲ್ಲಿ ವೈರಸ್ ಇದ್ದರೆ ಅದೂ ಜೊತೆಗೆ ಬರುತ್ತದೆ. ಎಸ್‌ಎಸ್‌ಡಿ 500 ಜಿಬಿಗಿಂತ ಕಡಿಮೆಯಿಲ್ಲದ್ದು ತೆಗೆದುಕೊಳ್ಳಿ, 2.5 ಇಂಚಿನ ಸಾಟಾ ಎಂದೇ ಕೇಳಿ. ಎಂ.2 ಎಂದು ಪಟ್ಟಿಯಂಥದ್ದು ಬರುತ್ತದೆ, ನಿಮ್ಮ ಕಾಲದ ಸಾದಾ ಬೋರ್ಡುಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಹೆಸರಿಲ್ಲದ ಅಗ್ಗದ ಎಸ್‌ಎಸ್‌ಡಿ ಬೇಡ. ಹಾರ್ಡ್ ಡಿಸ್ಕು ಸಾಯುವ ಮುನ್ನ ಟಕ್ ಟಕ್ ಎಂದು ಹೇಳುವುದುಂಟು, ಎಸ್‌ಎಸ್‌ಡಿ ಎಷ್ಟೋ ಸಲ ಏನೂ ಹೇಳದೆ ಒಂದು ಮುಂಜಾನೆ ಏಳುವುದಿಲ್ಲ. ಎಕ್ಸ್‌ಟರ್ನಲ್ ಡಿಸ್ಕಿಗೆ ಪ್ರತಿ ಶನಿವಾರ ಕಾಪಿ ಮಾಡುವ ರೂಢಿ ಅದಕ್ಕೇ ಬೇಕು.

ಎಸ್‌ಎಸ್‌ಡಿ ಹಾಕಿ ವಿಂಡೋಸನ್ನು ಹೊಸದಾಗಿ ಹಾಕಿಸುವುದು ಮೂರನೆಯದು. ವೇಗ ಇದರಲ್ಲೇ ಹೆಚ್ಚು, ಸಿಡಿ-ಸೀರಿಯಲ್ಲುಗಳೆಲ್ಲ ಇದ್ದು ಎರಡು ದಿನ ಬಿಡುವಿದ್ದರೆ ಮಾತ್ರ. ಸೀಸನ್ ಮುಗಿದ ಮೇಲೆ ನೋಡಬಹುದು.

ನಿಮ್ಮ ಮಗ ಹೇಳುವುದರಲ್ಲೂ ಹುರುಳಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರುಗಳನ್ನು ಮಾತ್ರ ವಿಂಡೋಸ್ 11 ಅಧಿಕೃತವಾಗಿ ಒಪ್ಪುತ್ತದೆ. 2014ರ ನಿಮ್ಮ ಐ3 ಬಹುಶಃ ನಾಲ್ಕನೇ ತಲೆಮಾರಿನದು. ಐ3 ಮುಂದಿನ ನಂಬರು ನೋಡಿ, 4130 ಎಂಬಂತೆ ನಾಲ್ಕರಿಂದ ಶುರುವಾದರೆ ನಾಲ್ಕನೆಯದು, 8100 ಎಂದಿದ್ದರೆ ಎಂಟನೆಯದು. ಅಡ್ಡದಾರಿಯಲ್ಲಿ 11 ಹಾಕಿಕೊಡುವವರಿದ್ದಾರೆ, ಹೊಟ್ಟೆಪಾಡಿನ ಕಂಪ್ಯೂಟರಿಗೆ ಆ ಪ್ರಯೋಗ ಬೇಡ. ಹಾಗೆಂದು ಕಂಪ್ಯೂಟರ್ ನಿಂತುಹೋಗುವುದಿಲ್ಲ, ಹೊಸ ಭದ್ರತಾ ಅಪ್‌ಡೇಟ್ ತಾನಾಗಿ ಬರುವುದಿಲ್ಲ ಅಷ್ಟೇ. ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮಾಡಬೇಡಿ.

ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಅಡೋಬಿಯವರು ಇನ್‌ಡಿಸೈನ್ ಕಡೆಗೆ ಹೋದರು. ಹೊಸ ವಿಂಡೋಸಿನಲ್ಲಿ ಅದನ್ನು ನಡೆಸುತ್ತಿರುವ ಅಂಗಡಿಗಳನ್ನು ನಾನು ಬಲ್ಲೆ, ಕೆಲವು ಕಡೆ ಪ್ರಿಂಟಿನಲ್ಲಿ, ಕೆಲವು ಕಡೆ ಕೀಲಿಮಣೆಯಲ್ಲಿ ತಕರಾರು ಬಂದದ್ದನ್ನೂ ಬಲ್ಲೆ. ಅದಕ್ಕೇ ನನ್ನ ಸಲಹೆ: ಹಳೆಯದನ್ನು ಈಗ ಎಸ್‌ಎಸ್‌ಡಿ ಹಾಕಿ ನಿಲ್ಲಿಸಿಕೊಳ್ಳಿ. ಮಳೆಗಾಲದ ಬಿಡುವಿನಲ್ಲಿ ಎಂಟನೇ ತಲೆಮಾರು ಅಥವಾ ಅದರ ಈಚಿನ, ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದನ್ನು ನೋಡಿ. ಕೊಳ್ಳುವ ಮೊದಲು ಅಂಗಡಿಯಲ್ಲೇ ಕೂತು ನಿಮ್ಮದೇ ಒಂದು ಹಳೆಯ ಪತ್ರಿಕೆ ತೆರೆದು, ತಿದ್ದಿ, ಪ್ರಿಂಟು ತೆಗೆದು ನೋಡಿ. ಅದು ಬಂದ ದಿನ ಹಳೆಯದರ ಇಂಟರ್ನೆಟ್ ಕೇಬಲ್ ತೆಗೆದುಬಿಡಿ. ವಾಟ್ಸಾಪು, ಮೇಲು ಹೊಸದರಲ್ಲಿ, ಪೇಜ್‌ಮೇಕರು ಹಳೆಯದರಲ್ಲಿ. ಹೊಸ ಕೆಲಸಗಳನ್ನು ನಿಧಾನಕ್ಕೆ ಯೂನಿಕೋಡಿಗೆ ತನ್ನಿ. ಇದರಲ್ಲಿ ನಿಮ್ಮ ಮಗನ ಕೈ ನಿಮಗಿಂತ ಬೇಗ ಓಡುತ್ತದೆ, ಅವನನ್ನೂ ಕೂರಿಸಿಕೊಳ್ಳಿ.

ಐದಾರು ಸಾವಿರದ ಲೆಕ್ಕ ಹೀಗಿರಲಿ. ಮೊದಲ ದುಡ್ಡು ಎಕ್ಸ್‌ಟರ್ನಲ್ ಡಿಸ್ಕಿಗೆ, ಎರಡನೆಯದು ಎಸ್‌ಎಸ್‌ಡಿಗೆ, ಆಮೇಲೆ ಪೇಸ್ಟು-ಬ್ಯಾಟರಿ. ಉಳಿದರೆ ರ‍್ಯಾಮ್. ಎಸ್‌ಎಸ್‌ಡಿ, ರ‍್ಯಾಮುಗಳ ಬೆಲೆ ಏರಿಳಿಯುತ್ತಿರುತ್ತದೆ, ಗದಗಿನಲ್ಲಿ ಒಂದು ಕಡೆ, ಹುಬ್ಬಳ್ಳಿಯಲ್ಲಿ ಒಂದು ಕಡೆ ಕೇಳಿ. ಎರವಲು ಡಿಸ್ಕು ಸಿಕ್ಕು ಆ ಹಣ ಉಳಿದರೆ ನಿಮ್ಮದೇ ಸ್ವಂತದ್ದನ್ನು ಸೀಸನ್ ಮುಗಿದ ಮೇಲೆ ಕೊಂಡರೂ ನಡೆದೀತು, ಆದರೆ ಕೊಳ್ಳಲೇಬೇಕು. ಕ್ಲೋನ್ ಆದ ಮೇಲೆ ಹಳೆಯ ಡಿಸ್ಕನ್ನು ಬಿಚ್ಚಿಸಿ, ಅದರ ಮೇಲೆ ತಾರೀಖು ಬರೆದು, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡಿ. ಅಂಗಡಿಯವರಿಗೆ ಬಿಟ್ಟು ಬರಬೇಡಿ, ನಿಮ್ಮ ಗಿರಾಕಿಗಳ ವಿಳಾಸ, ಫೋನ್ ನಂಬರುಗಳೆಲ್ಲ ಅದರಲ್ಲಿವೆ.

ಕಾಪಿ ಆದ ಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೊದ ಪರದೆಯನ್ನೂ ಸಿಸ್ಟಮ್ ಟೈಪ್ ಇರುವ ಪರದೆಯನ್ನೂ ಮೊಬೈಲಿನಲ್ಲಿ ಫೋಟೊ ಹಿಡಿದು ನನಗೆ ಕಳಿಸಿ. ಸಾದಾ ಕ್ಲೋನ್ ಸಾಕೋ, ಡಿಡಿರೆಸ್ಕ್ಯೂ ಬೇಕೋ, ರ‍್ಯಾಮಿಗೆ ದುಡ್ಡು ಹಾಕಬೇಕೋ ಬೇಡವೋ ಅದನ್ನು ನೋಡಿ ಹೇಳುತ್ತೇನೆ. ಅಷ್ಟರಲ್ಲಿ ಟಕ್ ಟಕ್ ಸದ್ದು ಜೋರಾಗಿ ವಿಂಡೋಸು ಏಳದೇ ಹೋದರೆ ಮತ್ತೆ ಮತ್ತೆ ಸ್ವಿಚ್ ಹಾಕಿ ನೋಡಬೇಡಿ. ಬಂದ್ ಮಾಡಿ, ಡಿಸ್ಕು ಬಿಚ್ಚಿಸಿ, ತೊಡೆಯ ಮೇಲೆ ಇಟ್ಟುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿ.